ಪಕ್ಕದ ಮನೆಯ ಕೆನಡಾ

ಮೊನ್ನೆ ಹುಳಿಪುಡಿಗೆಂದು ಮೆಂತೆ ಹುರಿಯುತ್ತಿದ್ದೆ. ಕಾಳು ಕೆಂಪಗಾಗುವುದಕ್ಕೆ ಸ್ವಲ್ಪ ಮೊದಲು ಒಂದು ವಾಸನೆ ಏಳುತ್ತದೆ, ಕಹಿಯ ಒಳಗಿನಿಂದ ಬೆಲ್ಲದ ಪಾಕ ಹೊರಟ ಹಾಗೆ... ಅದು ಮೂಗಿಗೆ ಬಡಿದದ್ದೇ ತಡ, ಸೌಟು ಹಿಡಿದುಕೊಂಡೇ ಹಿತ್ತಲ ಬಾಗಿಲ ಕಡೆ ತಿರುಗಿದೆ. ಯಾರೋ ಬಂದು ನಿಂತ ಹಾಗಾಯಿತು. ಯಾರೂ ಇರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಮೆಂತೆ ಸೀದುಹೋಗಿತ್ತು.

ಎಂಬತ್ತರ ದಶಕ. ನಾವು ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನಲ್ಲಿ ಮನೆ ಕೊಂಡ ಹೊಸತು. ಗಂಡನಿಗೆ ಎಲೆಕ್ಟ್ರಾನಿಕ್ಸ್ ಕಂಪೆನಿ ಇತ್ತು, ಮಗಳಿಗೆ ಹೈಸ್ಕೂಲು ಇತ್ತು, ನನಗೆ ಮಧ್ಯಾಹ್ನಗಳಿದ್ದವು. ಬಿಳಿಚಿಕೊಂಡ ಬಿಸಿಲು, ಹುಲ್ಲು ಒಣಗಿ ನಿಂತ ಗುಡ್ಡ, ಗಾಳಿ ತಿರುಗಿದರೆ ಕೊಲ್ಲಿಯ ಕಡೆಯಿಂದ ಬರುವ ಕೆಸರಿನ ನಾತ. ಕಿಟಕಿ ಹಾಕುತ್ತಿದ್ದೆ, ಸೆಕೆಯಾದರೆ ತೆಗೆಯುತ್ತಿದ್ದೆ, ಮತ್ತೆ ಹಾಕುತ್ತಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಮೆಂತೆ ಹುರಿಯುವಾಗ ಹಿತ್ತಲ ಬಾಗಿಲು ಬಡಿದ ಸದ್ದಾಯಿತು.

“ಎಕ್ಸ್‌ಕ್ಯೂಸ್ ಮಿ, ಡಿಯರ್. ನೀವು ಮೇಪಲ್ ಸಿರಪ್ ಕುದಿಸ್ತಾ ಇದ್ದೀರಾ?”

ಪಕ್ಕದ ಮನೆಯಾಕೆ. ಎಪ್ಪತ್ತು ದಾಟಿದವರು, ತೀರಿಹೋದ ಗಂಡನ ಶರಟು ತೊಟ್ಟು, ಕೈಗೆ ತೋಟದ ಗ್ಲವ್ಸು ಹಾಕಿಕೊಂಡಿದ್ದರು. ಕೆನಡಾದ ಅವರ ತೌರಿನಲ್ಲಿ ಚಳಿಗಾಲ ಮುಗಿಯುವಾಗ ಮೇಪಲ್ ಮರದ ರಸ ಇಳಿಸಿ, ಅವರಪ್ಪ ಅದನ್ನು ದೊಡ್ಡ ಕೊಪ್ಪರಿಗೆಯಲ್ಲಿ ಇಡೀ ದಿನ ಕುದಿಸುತ್ತಿದ್ದರಂತೆ. ಬೇಲಿ ದಾಟಿ ಬಂದದ್ದು ಅದೇ ವಾಸನೆಯಂತೆ. ನಾನು ಬಾಣಲೆ ತೋರಿಸಿದೆ. ಅವರು ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದರು. ಮುಖ ಪೂರ್ತಿ ಕಿವುಚಿಕೊಂಡಿತು, ಆದರೂ ಉಗುಳಲಿಲ್ಲ. ನುಂಗಿ, “ವೆರಿ ಇಂಟರೆಸ್ಟಿಂಗ್” ಎಂದರು. ಕೆನಡಾದವರ ಮರ್ಯಾದೆಯನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು.

ಹೆಸರು ಹಿಡಿದು ಕರೆಯಲು ಹೇಳಿದರು. ನನ್ನಿಂದಾಗಲಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಗೇಟು ಕಾಯುವವನಿಗೂ “ಗುಡ್ ಮಾರ್ನಿಂಗ್, ಸರ್” ಎನ್ನಲು ಕಲಿಸಿದ ಸಿಸ್ಟರುಗಳ ಕೈಯಲ್ಲಿ ಬೆಳೆದವಳು ನಾನು. ಕೊನೆಯತನಕ “ಮ್ಯಾಡಮ್” ಎಂದೇ ಕರೆದೆ. ಮಗಳು ಮನೆಯೊಳಗೆ “ಪಕ್ಕದ್ಮನೆ ಅಜ್ಜಿ” ಎನ್ನುತ್ತಿದ್ದಳು. ಅವಳು ಇಂಗ್ಲಿಷಿನ ನಡುವೆ ತಪ್ಪದೆ ಆಡುತ್ತಿದ್ದ ಕೆಲವೇ ಕನ್ನಡ ಮಾತುಗಳಲ್ಲಿ ಅದೊಂದು.

ಅವರ ಬಾಯಲ್ಲಿ ಕೆನಡಾ ಎಂದೂ “ಅಲ್ಲಿ” ಆಗಿರಲಿಲ್ಲ, ಯಾವಾಗಲೂ “ನಮ್ಮಲ್ಲಿ”. ಬೀದಿಯವರೆಲ್ಲ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮಾಡಿದರೆ ಇವರು ಕೆನಡಾದ ಲೆಕ್ಕಕ್ಕೆ ಅಕ್ಟೋಬರಿನಲ್ಲೇ ಕುಂಬಳಕಾಯಿ ಪೈ ಮಾಡಿ ಬೇಲಿಯ ಮೇಲಿಂದ ಕೊಡುತ್ತಿದ್ದರು. “ನಮ್ಮಲ್ಲಿ ಅಷ್ಟು ತಡ ಮಾಡಿದ್ರೆ ಕುಂಬಳಕಾಯಿ ಐಸ್ ಆಗಿಬಿಡ್ತದೆ, ಡಿಯರ್.” ನವೆಂಬರಿನಲ್ಲಿ ಯಾರು ಕರೆದರೂ ಹೋಗಿ ಊಟ ಮಾಡಿ ಬರುತ್ತಿದ್ದರು, ಆ ಮಾತು ಬೇರೆ.

ಆ ಕಾಲಕ್ಕೆ ನಮ್ಮ ಮನೆಯಲ್ಲಿ ಒಂದು ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗಿತ್ತು. ಗಂಡ ಅಮೆರಿಕದ ಸಿಟಿಜನ್ ಆಗಿದ್ದರು, ಅವರ ಜೊತೆ ಮಗಳೂ ಆದಳು. ನನ್ನೊಬ್ಬಳದು ಮಾತ್ರ ಇಂಡಿಯಾದ ಪಾಸ್‌ಪೋರ್ಟು. ಊರಿಗೆ ಹೋಗಿ ಬಂದಾಗ ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನಲ್ಲಿ ಅವರಿಬ್ಬರು ಒಂದು ಲೈನು, ನಾನು ಇನ್ನೊಂದು. ಮಗಳು ಆ ಕಡೆಯಿಂದ ತಿರುಗಿ ತಿರುಗಿ ನೋಡುತ್ತಿದ್ದಳು. ಒಂದು ಸಲ ಅವಳು ಹತ್ತಿರದಲ್ಲಿ ನಿಂತಿದ್ದ ಆಫೀಸರಿಗೆ, “ದಟ್ಸ್ ಮೈ ಮದರ್, ಶೀ ಈಸ್ ವಿತ್ ಅಸ್” ಎಂದದ್ದು ನನಗೆ ಕೇಳಿಸಿತು. ಅವನು ಕೇಳಿಸಿಕೊಳ್ಳಲಿಲ್ಲ.

“ಎಂತ ಮಾರಾಯ್ತಿ, ಒಂದು ಕಾಗದ ಅಷ್ಟೆ. ನಿನ್ನ ನೀರುದೋಸೆ ಏನೂ ಕಿತ್ಕೊಂಡು ಹೋಗುದಿಲ್ಲ ಅವ್ರು,” ಎಂದು ಗಂಡ ಹೇಳುತ್ತಿದ್ದರು. ಅರ್ಜಿಯನ್ನೂ ಅವರೇ ತುಂಬಿ ಕಳಿಸಿದ್ದರು. ನಾನು ಇಂಟರ್‌ವ್ಯೂ ಮುಂದೂಡುತ್ತ ಹೋದೆ. ಒಮ್ಮೆ ಜ್ವರ, ಒಮ್ಮೆ ನವರಾತ್ರಿ. ನಿಜವಾದ ಕಾರಣ ನನ್ನಪ್ಪ. ಪಾಸ್‌ಪೋರ್ಟು ಮಾಡಿಸಲು ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ, ಫೋಟೋ ತೆಗೆಯುವಾಗ “ನೇರ ನೋಡು ಮಗಾ, ದೇಶದ ಪುಸ್ತಕದಲ್ಲಿ ಇರ್ತದೆ ಇದು” ಎಂದಿದ್ದರು. ಅದನ್ನು ಬಿಟ್ಟುಕೊಡುತ್ತೇನೆಂದು ಅವರಿಗೆ ಹೇಗೆ ಬರೆಯುವುದು?

ಹಾಗಿರುವಾಗ ಬೇಲಿಯಾಚೆ ಇವರಿದ್ದರು. ನಲವತ್ತು ವರ್ಷ ಇಲ್ಲಿದ್ದೂ “ನಮ್ಮಲ್ಲಿ” ಬಿಡದವರು. ಅವರನ್ನು ನೋಡಿದಾಗಲೆಲ್ಲ ಹಾಗೂ ಬದುಕಬಹುದಲ್ಲ ಎಂದು ಧೈರ್ಯ ಬರುತ್ತಿತ್ತು.

ಮಗಳ ಪ್ರಾಜೆಕ್ಟು ಬಂದದ್ದು ಆಗಲೇ. ಸೋಷಿಯಲ್ ಸ್ಟಡೀಸ್ ಮೇಷ್ಟ್ರು ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದು ದೇಶ ಕೊಟ್ಟಿದ್ದರು. ಧ್ವಜ, ಪ್ರಾಣಿ, ರಾಜಧಾನಿ ಬರೆದರೆ ಮಾರ್ಕಿಲ್ಲ. ಆ ದೇಶದವರು ತಮ್ಮನ್ನು ಆ ದೇಶದವರೆಂದು ಯಾಕೆ ಅಂದುಕೊಳ್ಳುತ್ತಾರೆ ಎಂದು ಹೇಳಬೇಕು, ಅಲ್ಲಿಯವರೊಬ್ಬರ ಇಂಟರ್‌ವ್ಯೂ ಮಾಡಬೇಕು. ಮಗಳು ಇಂಡಿಯಾ ಬರಲಿ ಎಂದು ಕಾದಿದ್ದಳು, ಬಂದದ್ದು ಕೆನಡಾ.

“ವಾಟ್ ಈಸ್ ದೇರ್ ಇನ್ ಕೆನಡಾ, ಅಮ್ಮಾ? ಬರೀ ಐಸ್!”

“ಪಕ್ಕದ್ಮನೆ ಅಜ್ಜಿ ಇದ್ದಾರಲ್ಲ ಮಾರಾಯ್ತಿ,” ಎಂದೆ. “ಇಷ್ಟು ವರ್ಷ ಆಯ್ತು, ಇನ್ನೂ ಸಿಟಿಜನ್‌ಶಿಪ್ ತಗೊಂಡಿಲ್ಲ ಅವರು. ಅದನ್ನೇ ಬರಿ.”

ಅವರು ಹಾಗೆಂದು ಎಂದೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ನಮ್ಮವರು ನಾಲ್ಕು ಜನ ಸೇರಿದರೆ ಕಾಫಿ ಬರುವ ಮೊದಲೇ “ಗ್ರೀನ್ ಕಾರ್ಡಾ, ಸಿಟಿಜನ್ನಾ?” ಎಂದು ಕೇಳಿ ಮುಗಿಸುತ್ತಿದ್ದೆವು. ತಗೊಂಡವರು ಆಮೇಲೆ ಊರಿನ ಸುದ್ದಿ ಆಡುವಾಗ ಸ್ವರ ತಗ್ಗಿಸುತ್ತಿದ್ದರು, ತಗೊಳ್ಳದವರು ಏರಿಸುತ್ತಿದ್ದರು. ಅಷ್ಟು ಜೋರಾಗಿ “ನಮ್ಮಲ್ಲಿ” ಎನ್ನುವ ಹೆಂಗಸು ತಗೊಂಡಿರಲು ಸಾಧ್ಯವೇ? ನಮ್ಮ ಅಳತೆಕೋಲಿನಲ್ಲಿ ಅವರನ್ನು ಅಳೆದು ಮುಗಿಸಿದ್ದೆ.

ಮಗಳು ಟೇಪ್ ರೆಕಾರ್ಡರು ಹಿಡಿದು ಶನಿವಾರ ಭಾನುವಾರ ಅವರ ಅಡುಗೆಮನೆಯಲ್ಲಿ ಕೂತಳು. ಬೇರೆಯವರು ನಮ್ಮ ಕಾಲು ತುಳಿದರೆ ನಾವೇ ಸಾರಿ ಹೇಳುತ್ತೇವೆ ಎಂದರಂತೆ. ನಾವು ಯಾರು ಎಂದು ಗೊತ್ತಿಲ್ಲ, ಅಮೆರಿಕದವರಲ್ಲ ಎನ್ನುವುದು ಮಾತ್ರ ಗೊತ್ತು ಎಂದು ಹೇಳಿ ತಾವೇ ನಕ್ಕರಂತೆ. ಪೋಸ್ಟರು ತಯಾರಾಯಿತು. ನಡುವೆ ಅವರ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ: ನಲವತ್ತು ವರ್ಷವಾದರೂ ಬದಲಾಗದ ಕೆನಡಿಯನ್. ಆ ಸಾಲು ಹೇಳಿಕೊಟ್ಟವಳು ನಾನೇ.

ಪ್ರಾಜೆಕ್ಟು ಒಪ್ಪಿಸುವ ದಿನ ತಂದೆತಾಯಿಗಳನ್ನೂ ಇಂಟರ್‌ವ್ಯೂ ಕೊಟ್ಟವರನ್ನೂ ಕರೆದಿದ್ದರು. ಪಕ್ಕದ ಮನೆಯಾಕೆ ನೀಲಿ ಫ್ರಾಕು ಹಾಕಿ, ಲಿಪ್‌ಸ್ಟಿಕ್ ಹಚ್ಚಿ, ಮುಂದಿನ ಸಾಲಿನಲ್ಲಿ ಕೂತರು. ಮಗಳು ಚೆನ್ನಾಗಿಯೇ ಮಾತಾಡಿದಳು. ಮುಗಿದ ಮೇಲೆ ಮೇಷ್ಟ್ರು, ಇನ್ನೂ ಎಳೆಯ ಹುಡುಗ, ಬಹಳ ಗೌರವದಿಂದ ಕೇಳಿದರು. “ಹಾಗಾದ್ರೆ ಮ್ಯಾಮ್, ಇಷ್ಟು ವರ್ಷ ಇಲ್ಲಿದ್ದೂ ವೋಟು ಹಾಕಲಿಕ್ಕಾಗಲಿಲ್ಲ ಅಂತ ಬೇಜಾರಿಲ್ವಾ?”

“ವೋಟಾ? ಒಂದು ಎಲೆಕ್ಷನ್ನೂ ಬಿಟ್ಟಿಲ್ಲ, ಡಿಯರ್. ನನ್ನ ಗಂಡನ ವೋಟು ಕ್ಯಾನ್ಸಲ್ ಮಾಡ್ಲಿಕ್ಕೇ ಹೋಗ್ತಿದ್ದೆ.”

ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಗಳು ನಗಲಿಲ್ಲ.

“ಬಟ್... ಯೂ ಸೆಡ್ ಯು ಆರ್ ಕೆನಡಿಯನ್.”

“ಹೌದು. ಕೆನಡಿಯನ್ನೇ,” ಎಂದರು ಅವರು. ಅದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

ಮಗಳು ಅವರ ಕಡೆ ನೋಡಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನನ್ನನ್ನು ನೋಡಿದಳು. ಮನೆಗೆ ಬರುವಾಗ ಕಾರಿನಲ್ಲಿ ಪೋಸ್ಟರನ್ನು ಸುರುಳಿ ಸುತ್ತಿ ಕಾಲ ಕೆಳಗೆ ಇಟ್ಟುಕೊಂಡಿದ್ದಳು. ಮೇಷ್ಟ್ರು ತಿದ್ದಿ ಬರೆಯಲು ಒಂದು ವಾರ ಕೊಟ್ಟರು, ಕೊನೆಗೆ ಬಿ ಪ್ಲಸ್ ಸಿಕ್ಕಿತು. “ದಿ ಪ್ಲಸ್ ಈಸ್ ಅಜ್ಜೀಸ್, ದಿ ಬಿ ಈಸ್ ಯುವರ್ಸ್” ಎಂದು ನನ್ನನ್ನು ಬಹಳ ದಿನ ಹಂಗಿಸಿದಳು.

ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಅವರು ನನಗೆ ಮೋಸ ಮಾಡಿದರು ಎನ್ನುವ ಹಾಗಿನ ಸಿಟ್ಟು. ಹಿತ್ತಲಿಗೆ ಹೋಗುವುದು ಬಿಟ್ಟೆ. ಬಟ್ಟೆಯನ್ನು ಡ್ರೈಯರಿಗೇ ಹಾಕಿದೆ. ಅವರ ಪೈಪಿನಿಂದ ನೀರು ಬೀಳುವ ಸದ್ದು ಕೇಳಿದರೆ ಎದ್ದು ಮುಂದಿನ ರೂಮಿಗೆ ಹೋಗುತ್ತಿದ್ದೆ. ಅಲ್ಲಿಯೂ ನಿಲ್ಲಲಾಗದೆ ವಾಪಸು ಬರುತ್ತಿದ್ದೆ. ಹಿಡಿದುಕೊಂಡಿದ್ದ ಗೂಟವೇ ಕಿತ್ತು ಬಂದಿತ್ತಲ್ಲ...

ಕೊನೆಗೆ ಅವರೇ ಬಂದರು. ಈ ಸಲ ಮುಂಬಾಗಿಲಿಗೆ, ಬೆಲ್ ಮಾಡಿ.

“ನೀನು ಕೇಳಲೇ ಇಲ್ಲ, ಡಿಯರ್.”

ಒಳಗೆ ಕರೆದು ಚಹಾ ಇಟ್ಟೆ. ನನ್ನ ಸಂಕಟವನ್ನೆಲ್ಲ ಅವರೆದುರು ಹೇಳಿದ್ದು ಆ ದಿನವೇ. ಎರಡು ಲೈನು, ಅಪ್ಪ, ಇಂಟರ್‌ವ್ಯೂ... ಅವರು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡರು. ಆಮೇಲೆ ತಮ್ಮದನ್ನು ಹೇಳಿದರು. ಮಗ ಹುಟ್ಟಿದ ಮೇಲೆ ಸಿಟಿಜನ್ ಆಗೆಂದು ಗಂಡ ಹೇಳಿದ, ಒಂದು ಬೆಳಿಗ್ಗೆ ಹೋಗಿ ಪ್ರಮಾಣ ಮಾಡಿ ಬಂದರು. ಮನೆಗೆ ಬಂದವರು ಬೂಟು ಕೂಡ ಬಿಚ್ಚದೆ ಹಾಸಿಗೆಗೆ ಬಿದ್ದರು. ಗಂಡ ಜ್ವರವೆಂದು ಡಾಕ್ಟರನ್ನು ಕರೆಸಿದ. ಮುಂದಿನ ಬೇಸಗೆಯಲ್ಲಿ ಕಾರಿನಲ್ಲಿ ಊರಿಗೆ ಹೊರಟಾಗ ಗಡಿಯಲ್ಲಿ ಆಫೀಸರು ಯಾವ ದೇಶ ಎಂದು ಕೇಳಿದ. ಆಗೆಲ್ಲ ಬಾಯಿಮಾತೇ ಸಾಕಿತ್ತು. ಇವರು “ಕೆನಡಾ” ಎಂದುಬಿಟ್ಟರು, ಗಂಡ ಕೆಳಗಿಂದ ಕಾಲು ಒದ್ದ.

“ಮತ್ತೆ, ಹಾಸಿಗೆಯಿಂದ ಯಾವಾಗ ಎದ್ದಿರಿ?” ಎಂದೆ.

“ಮೂರನೇ ದಿನ.”

“ಆ ಸಂಕಟ ಹೋಯ್ತಾ?”

ಅವರು ಕಪ್ಪಿನೊಳಗೆ ನೋಡಿದರು. “ಹೋಗಿದೆಯಾ ಅಂತ ನೋಡಲಿಲ್ಲ. ಮಗುವಿನ ಬಟ್ಟೆ ರಾಶಿ ಬಿದ್ದಿತ್ತು, ಒಗೆಯಬೇಕಿತ್ತು.”

ತಗೋ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹೊರಡುವಾಗ ಮಾತ್ರ, “ನೀನು ಹೋಗುವ ದಿನ ಹೇಳು, ನಾನೂ ಬರ್ತೇನೆ” ಎಂದರು.

ನಾನು ಹೋದೆ. ಮಗಳು ಆ ಕಡೆಯ ಲೈನಿನಿಂದ ತಿರುಗಿ ನೋಡುವುದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ. ಆದರೆ ಅಷ್ಟರಲ್ಲಿ ಮ್ಯಾಡಮ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು, ಮಗ ಬಂದು ಸ್ಯಾಕ್ರಮೆಂಟೋ ಕಡೆಗೆ ಕರೆದುಕೊಂಡು ಹೋಗಿದ್ದ. ದೊಡ್ಡ ಹಾಲಿನಲ್ಲಿ ನೂರಾರು ಜನರ ನಡುವೆ ರೇಷ್ಮೆ ಸೀರೆ ಉಟ್ಟು ಕೈ ಎತ್ತಿ ಪ್ರಮಾಣ ಮಾಡಿದೆ. ಮನೆಗೆ ಬಂದು ಕಾದೆ, ಅವರ ಹಾಗೆ ಈಗ ಬೀಳುತ್ತೇನೆ, ಈಗ ಬೀಳುತ್ತೇನೆ ಎಂದು. ಏನೂ ಆಗಲಿಲ್ಲ. ಹಸಿವಾಯಿತು. ನಿನ್ನೆಯ ಅನ್ನಕ್ಕೆ ಮೊಸರು ಕಲಸಿ ಉಂಡೆ. ಎಷ್ಟು ನಾಚಿಕೆಯಾಯಿತೆಂದರೆ ಅದನ್ನು ಯಾರಿಗಾದರೂ ಹೇಳಬೇಕಿತ್ತು, ಹೇಳಬಹುದಾಗಿದ್ದದ್ದು ಅವರೊಬ್ಬರಿಗೆ. ಅಡುಗೆಮನೆಯ ಕಿಟಕಿಯಿಂದ ಅವರ ಅಂಗಳ ಕಾಣುತ್ತಿತ್ತು, ಫಾರ್ ಸೇಲ್ ಬೋರ್ಡು ನೆಟ್ಟಿದ್ದರು.

ಮಾರನೆಯ ವರ್ಷ ಅವರ ಮಗ ಫೋನು ಮಾಡಿ, ಹೋಗಿಬಿಟ್ಟರು ಎಂದ. ಬೂದಿಯನ್ನು ಉತ್ತರಕ್ಕೆ, ಅವರ ಊರಿನ ಕೆರೆಗೆ ತೆಗೆದುಕೊಂಡು ಹೋಗುತ್ತೇನೆ ಎಂದ. 

ಸಂಕಟ ಬಂದದ್ದು ಆಮೇಲೆ, ಅಪ್ಪ ತೀರಿಕೊಂಡಾಗ. ಸುದ್ದಿ ಬಂದದ್ದು ಶುಕ್ರವಾರ ಸಂಜೆ, ಇಂಡಿಯಾದ ವೀಸಾ ಆಫೀಸು ತೆರೆಯುವುದು ಸೋಮವಾರ. ನನ್ನ ಊರಿಗೆ ಹೋಗಲು ವೀಸಾದ ಲೈನಿನಲ್ಲಿ ನಿಂತಿದ್ದೆ. ಕಿಟಕಿಯೊಳಗಿನ ಹುಡುಗಿ ತಲೆ ಎತ್ತದೆ, “ಪರ್ಪಸ್ ಆಫ್ ವಿಸಿಟ್?” ಎಂದು ಕೇಳಿದಳು. ಪಾಪ, ಅದು ಅವಳು ಎಲ್ಲರಿಗೂ ಕೇಳುವ ಪ್ರಶ್ನೆ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಗಂಡ ತೋಳು ಹಿಡಿದು ಎಬ್ಬಿಸಿದರು. ಊರಿಗೆ ಹೋಗಿ ಬಂದ ಮೇಲೆ ಬಟ್ಟೆ ಒಗೆದೆ, ಮಗಳನ್ನು ಕಾಲೇಜಿಗೆ ಕಳಿಸಿದೆ, ಇಷ್ಟು ವರ್ಷ ನಡೆಯಿತು.

ಈಗ ನನಗೆ ಪಕ್ಕದ ಮನೆಯಾಕೆಯ ಆಗಿನ ವಯಸ್ಸು ದಾಟಿದೆ. ಗಂಡನೂ ಇಲ್ಲ. ಆ ಮನೆಯಲ್ಲಿ ಮೂರನೆಯದೋ ನಾಲ್ಕನೆಯದೋ ಸಂಸಾರ, ಒಳ್ಳೆಯ ಜನ, ಕೈ ಬೀಸುತ್ತಾರೆ. ಕೆಲವು ದಿನ ಬೆಳಿಗ್ಗೆ ಎದ್ದು ಕೂತರೆ ಯಾವ ಕೆಲಸಕ್ಕೂ ಕೈ ಏಳುವುದಿಲ್ಲ, ಎಲ್ಲಿಗೋ ಹೊರಡಬೇಕಿತ್ತು, ಹೊತ್ತು ಮೀರಿತು ಎನಿಸುತ್ತದೆ. ಮೂರನೆಯ ದಿನ ಎದ್ದದ್ದನ್ನು ಮ್ಯಾಡಮ್ ಹೇಳಿದ್ದರು. ಒಗೆಯುವ ಬಟ್ಟೆ ಕಡಿಮೆಯಾದ ಮೇಲೆ, ಒಬ್ಬರೇ ಆದ ಮೇಲೆ, ಆ ಸಂಕಟ ಮತ್ತೆ ಬಂತೇ ಎಂದು ನಾನು ಕೇಳಿರಲಿಲ್ಲ. ಆಗ ನನಗೆ ಅಂಥ ಪ್ರಶ್ನೆ ಇದೆ ಎಂದೇ ಗೊತ್ತಿರಲಿಲ್ಲ.