ಗಾಯ ಒಂದು, ಪಟ್ಟಿ ಎರಡು

ನನ್ನ ಜೊತೆ ಸಿನಿಮಾ ನೋಡಲು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಬೇಡ, ನನಗೇನು ನಷ್ಟ? ಹಿರಿಯೂರಿನಲ್ಲಿ ರವಿಕೆ ಹೊಲಿಯುತ್ತ ಕೂತವಳು ನಾನು. ಒಂದು ತೋಳು ಇನ್ನೊಂದಕ್ಕಿಂತ ಎಳೆಯಷ್ಟು ಉದ್ದವಾದರೂ ಕಣ್ಣಿಗೆ ಚುಚ್ಚುತ್ತದೆ. ಆ ಕಣ್ಣನ್ನು ಟಾಕೀಸಿನ ಬಾಗಿಲಲ್ಲಿ ಚಪ್ಪಲಿಯ ಹಾಗೆ ಬಿಟ್ಟು ಒಳಗೆ ಹೋಗು ಎಂದರೆ ಆಗುತ್ತದೆಯೇ? ನಾಯಕ ಹೊಳೆಗೆ ಬಿದ್ದು ಎದ್ದಾಗ ಅಂಗಿ ಇಸ್ತ್ರಿ ಮಾಡಿದಂತಿದ್ದರೆ ನಾನು ಹೇಳಿಯೇ ಹೇಳುತ್ತೇನೆ. ಪಕ್ಕದಲ್ಲಿ ನಮ್ಮ ಯಜಮಾನರು ಹಲ್ಲು ಕಡಿಯುತ್ತಾರೆ. ಕಡಿಯಲಿ.

ಹೀಗಿರುವಾಗ ನಮ್ಮ ಕಡೆಯೇ ತೆಗೆದ ಒಂದು ಸಾಹಸದ ಸಿನಿಮಾ ಬಂತು. ನಿಧಿ ಹುಡುಕುವ ಕಥೆ. ಅದನ್ನು ನಾನು ನೋಡಲೇಬೇಕಿತ್ತು, ಯಾಕೆಂದರೆ ಅದರಲ್ಲಿ ನನ್ನ ತಮ್ಮ ಇದ್ದ. ಇದ್ದ ಎಂದರೆ, ಮುಖ ಕಾಣುವ ಹಾಗಲ್ಲ. ಅವನು ನನ್ನ ತವರು ಆದಿವಾಲದ ನಮ್ಮ ತೋಟದಲ್ಲಿ ತೆಂಗಿನಮರ ಹತ್ತುವವನು. ಅವನು ಸರಸರ ಹತ್ತುವುದನ್ನು ಕಂಡ ಸಿನಿಮಾದವರು, ಎತ್ತರವೂ ಬೆನ್ನೂ ನಾಯಕನ ಹಾಗೇ ಇವೆ ಎಂದು ಕರೆದುಕೊಂಡು ಹೋದರು. ಚಿತ್ರದುರ್ಗದ ಹತ್ತಿರದ ಒಂದು ಬಂಡೆಗುಡ್ಡವನ್ನು ನಾಯಕನ ಬದಲಿಗೆ ಅವನು ಹತ್ತಬೇಕು, ಅಷ್ಟೇ ಕೆಲಸ. ಅವ್ವ ಖುಷಿಯಿಂದಲೇ ರೊಟ್ಟಿ ಕಟ್ಟಿ ಕಳಿಸಿದಳು.

ಆ ಖುಷಿ ಅವನು ವಾಪಸು ಬರುವ ಮೊದಲೇ ಮುಗಿಯಿತು. ದುರ್ಗದಲ್ಲಿರುವ ನಮ್ಮ ಸೋದರತ್ತೆ ಚಿತ್ರೀಕರಣ ನೋಡಲು ಹೋಗಿದ್ದವಳು ಫೋನು ಮಾಡಿ, ನಿನ್ನ ಮಗ ಬರೀ ಮೈಯಲ್ಲಿ ಬಂಡೆ ಹತ್ತುತ್ತಿದ್ದ, ಕೊರಳಲ್ಲಿ ಲಿಂಗ ಇರಲಿಲ್ಲ ಎಂದು ಹೇಳಿಬಿಟ್ಟಳು. ಆ ನಾಲಿಗೆಗೆ ನಾನು ಆವತ್ತಿನಿಂದ ಹಾಕುತ್ತಿರುವ ಶಾಪಕ್ಕೆ ಲೆಕ್ಕವಿಲ್ಲ.

ನಮ್ಮ ಮನೆಯಲ್ಲಿ ಲಿಂಗ ಕಟ್ಟಿಸಿಕೊಂಡ ಮೇಲೆ ಅದು ಮೈಬಿಟ್ಟು ಇಳಿಯುವುದಿಲ್ಲ. ಬೆಳ್ಳಿಯ ಕರಡಿಗೆಯಲ್ಲಿಟ್ಟು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡರೆ, ಸ್ನಾನಕ್ಕೂ ನಿದ್ದೆಗೂ ಅದು ಜೊತೆಗೇ ಇರಬೇಕು. ಬೆಳಿಗ್ಗೆ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಅವ್ವ ಒಂದು ಗುಟುಕು ಚಹಾ ಕುಡಿದವಳಲ್ಲ. ತಮ್ಮ ಚಿಕ್ಕವನಿದ್ದಾಗ ಬಾವಿಯಲ್ಲಿ ಈಜು ಕಲಿಯಲು ಹೊರಟರೆ, ನೀರಿನಲ್ಲಿ ದಾರ ತಲೆಯಿಂದ ಜಾರೀತೆಂದು ಕರಡಿಗೆಯನ್ನು ಅವನ ಎಡತೋಳಿಗೆ ಬಟ್ಟೆಯಲ್ಲಿ ಬಿಗಿದು ಕಟ್ಟುತ್ತಿದ್ದಳು. ಕೊರಳೋ ತೋಳೋ, ಮೈಮೇಲಿದ್ದರೆ ಸಾಕು ಎನ್ನುತ್ತಿದ್ದಳು.

ಅವನು ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಕೊರಳಲ್ಲಿ ಕರಡಿಗೆ ಇತ್ತು. ಅವ್ವ ಅದನ್ನು ನೋಡಿದಳು, ಅವನ ಮುಖ ನೋಡಲಿಲ್ಲ. ಮೊದಲು ರೊಟ್ಟಿ ಕಟ್ಟಿದ ಬಟ್ಟೆಯನ್ನು ಅರ್ಧ ಹರಿದು ತಂದಿದ್ದಕ್ಕೆ ಬೈದಳು. ನನ್ನ ಅಂಗಡಿಯ ಬಿಳಿ ತುಂಡಿಗೆ ನಾನೇ ಹಸಿರು ಅಂಚು ಹೊಲಿದು ಕೊಟ್ಟಿದ್ದ ಬಟ್ಟೆ ಅದು. ಆಮೇಲೆ ದನಿ ತಗ್ಗಿಸಿ ಹೇಳಿದಳು:

“ಮಠಕ್ಕೆ ಹೋಗಿ ತಪ್ಪಾತು ಅಂತ ಹೇಳಿ, ಮತ್ತೆ ಕಟ್ಟಿಸ್ಕೊಂಡು ಬಾ. ಅಲ್ಲೀತಂಕ ದೇವರ ಕೋಣೆಗೆ ಬರಬ್ಯಾಡ.”

ತಮ್ಮ ಏನನ್ನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಮಠಕ್ಕೆ ಹೋಗಲಿಲ್ಲ. ದೇವರ ಕೋಣೆಯ ಪಕ್ಕದಲ್ಲೇ ಅಡುಗೆಮನೆ. ಅಲ್ಲಿಗೂ ಕಾಲಿಡದೆ ಜಗಲಿಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣತೊಡಗಿದ. ನಾನು ಹೋದಾಗಲೆಲ್ಲ ಇಬ್ಬರ ತಲೆಯನ್ನೂ ತಿಂದೆ. ಏನಾಯಿತು ಹೇಳೋ ಎಂದರೆ ಅವನು ಮರ ಹತ್ತಿಬಿಡುತ್ತಿದ್ದ. ಅವ್ವನೋ ರಾಗಿ ಕೇರಲು ಕೂತುಬಿಡುತ್ತಿದ್ದಳು. ಹಟದಲ್ಲಿ ತಾಯಿಗೆ ತಕ್ಕ ಮಗ. ಬೇಸಿಗೆ ಹೋಗಿ ಮಳೆಗಾಲ ಬಂತು. ಒಂದೇ ಮನೆಯಲ್ಲಿ ಅವ್ವ ಮಗ ನನ್ನ ಮೂಲಕ ಮಾತಾಡುತ್ತಿದ್ದರು. ನನಗೆ ಅಳುವೇ ಬರುತ್ತಿತ್ತು.

ಅಂತೂ ಸಿನಿಮಾ ಬಿಡುಗಡೆಯಾಯಿತು. ತಮ್ಮ ಬರಲಿಲ್ಲ, ಅವ್ವನಂತೂ ಅದರ ಹೆಸರೆತ್ತಲು ಬಿಡಲಿಲ್ಲ. ನಮ್ಮ ಯಜಮಾನರನ್ನೇ ಎಳೆದುಕೊಂಡು ಹೋದೆ.

ಅಬ್ಬಬ್ಬಾ, ಏನು ಸಿನಿಮಾ ಅದು! ತಪ್ಪು ಹುಡುಕುವ ಕೆಲಸವೇ ಇಲ್ಲ, ತಾವಾಗಿ ಬಂದು ಮಡಿಲಲ್ಲಿ ಬೀಳುತ್ತವೆ. ನಿಧಿ ಹೂಳುವ ಹಳೆಯ ಕಾಲದ ದೃಶ್ಯ, ಕುದುರೆ, ಕತ್ತಿ, ಪಂಜು ಎಲ್ಲ ಇವೆ, ಹಿಂದಿನ ಗುಡ್ಡದ ಮೇಲೆ ಗಾಳಿಯಂತ್ರ ಗಿರಗಿರ ತಿರುಗುತ್ತಿದೆ. ದುರ್ಗದ ಗುಹೆಯೊಳಗೆ ನುಗ್ಗಿದ ನಾಯಕ ಮರುಕ್ಷಣ ಮಾರಿಕಣಿವೆ ಅಣೆಕಟ್ಟಿನ ನೀರಿನಲ್ಲಿ ತಲೆ ಎತ್ತುತ್ತಾನೆ. ದುರ್ಗದಿಂದ ನಾವು ಅಲ್ಲಿಗೆ ಹೋಗಬೇಕಾದರೆ ಹಿರಿಯೂರಲ್ಲಿ ಇಳಿದು ಬಸ್ಸು ಬದಲಿಸಬೇಕು. ನಾಯಕಿಯ ಜಡೆ ಓಡುವಾಗ ಎರಡು, ನಿಂತಾಗ ಒಂದು. ನಾನು ಒಂದೊಂದನ್ನೂ ಹೇಳುತ್ತ ಹೋದೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ನಮ್ಮ ಯಜಮಾನರು ತಾವು ನನ್ನವರೇ ಅಲ್ಲ ಎಂಬಂತೆ ಆ ಕಡೆ ವಾಲಿ ಕೂತರು.

ಆಮೇಲೆ ಬಂಡೆ ಹತ್ತುವ ದೃಶ್ಯ. ನಾಯಕನ ಬಲತೋಳಿಗೆ ಚಾಕು ತಗಲುತ್ತದೆ. ಅಂಗಿ ಕಿತ್ತೆಸೆದು ಅದರದೇ ಚಿಂದಿಯಿಂದ ಬಲತೋಳಿಗೆ ಪಟ್ಟಿ ಕಟ್ಟಿಕೊಂಡು ಬಂಡೆಯ ಮೇಲೆ ಕೈ ಇಡುತ್ತಾನೆ. ಮುಂದಿನ ಕ್ಷಣ ಅವನ ಬೆನ್ನು ಕಾಣುತ್ತದೆ. ಅದು ನನ್ನ ತಮ್ಮನ ಬೆನ್ನು. ಎರಡು ತೋಳಿಗೂ ಪಟ್ಟಿ! ಗಾಯ ಒಂದು, ಪಟ್ಟಿ ಎರಡು. ನಾನು ತಡೆಯಲಾರದೆ ಗಟ್ಟಿಯಾಗಿ ನಕ್ಕುಬಿಟ್ಟೆ. ಅಷ್ಟರಲ್ಲಿ ಬಂಡೆಯ ಸಂದಿಗೆ ಹಾಕಿದ ಎಡಗೈ ಪರದೆಯ ತುಂಬ ಬಂತು. ಆ ಪಟ್ಟಿ ಒಳಗೆ ನಿಂಬೆಹಣ್ಣು ಇಟ್ಟು ಕಟ್ಟಿದ ಹಾಗೆ ಉಬ್ಬಿತ್ತು. ಅದರ ಅಂಚು ಹಸಿರು. ನನ್ನ ಹೊಲಿಗೆ.

ನಗು ಅಲ್ಲಿಗೇ ನಿಂತಿತು. ಮಿಕ್ಕ ಸಿನಿಮಾದಲ್ಲಿ ಎಷ್ಟು ತಪ್ಪಿದ್ದವೋ ದೇವರೇ ಬಲ್ಲ, ನಾನು ಒಂದನ್ನೂ ಕಾಣಲಿಲ್ಲ. ಕಣ್ಣು ತುಂಬಿಕೊಂಡಿದ್ದವು. ನಮ್ಮ ಯಜಮಾನರು ಗಾಬರಿಯಾಗಿ ಕೈ ಹಿಡಿದುಕೊಂಡರು.

ಅವ್ವನಿಗೆ ಬಾಯಲ್ಲಿ ಹೇಳಿದರೆ ತಮ್ಮನ ಪರ ವಹಿಸುತ್ತೀಯ ಎನ್ನುತ್ತಾಳೆ, ಗೊತ್ತು. ಸಿನಿಮಾ ಫೋನಿಗೆ ಬರುವವರೆಗೆ ತಡೆದುಕೊಂಡೆ. ನನ್ನಂಥ ಬಾಯಿಬಡುಕಿ ಅಷ್ಟು ದಿನ ಹೇಗೆ ಬಾಯಿಗೆ ಬೀಗ ಹಾಕಿಕೊಂಡೆನೋ! ಸಿನಿಮಾ ಫೋನಿಗೆ ಬಂದ ಮಾರನೆಯ ಬೆಳಿಗ್ಗೆಯೇ ಆದಿವಾಲಕ್ಕೆ ಹೋದೆ. ತಮ್ಮ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. ಅವ್ವ ಒಳಗೆ ಪೂಜೆಗೆ ಹೂವು ಆರಿಸುತ್ತಿದ್ದಳು. ಫೋನು ಕಂಡೊಡನೆ ಮುಖ ತಿರುಗಿಸಿದಳು. ಸಿನಿಮಾ ನೋಡಬೇಡ, ನಾನು ಹಿಡಿದ ಒಂದು ತಪ್ಪು ನೋಡು ಸಾಕು ಎಂದು ಅಂಗಲಾಚಿದೆ. ನನ್ನ ಈ ಚಾಳಿಯನ್ನು ಅವಳು ಬಲ್ಲಳು. ಬೇಸರದಿಂದಲೇ ಕನ್ನಡಕ ಹಾಕಿಕೊಂಡಳು.

ಮೊದಲು ನಾಯಕನ ತೋಳು ತೋರಿಸಿದೆ. ಬಲಕ್ಕೆ ಒಂದು ಪಟ್ಟಿ, ಎಡ ಬರಿದು. ಆಮೇಲೆ ತಮ್ಮನ ಬೆನ್ನು. ಆಮೇಲೆ ಆ ಎಡತೋಳು. ಅಲ್ಲಿಗೆ ನಿಲ್ಲಿಸಿ, ಬೆರಳಿನಿಂದ ಹಿಗ್ಗಿಸಿ, ಅವಳ ಕೈಗೆ ಕೊಟ್ಟೆ.

ಅವ್ವ ಬಹಳ ಹೊತ್ತು ನೋಡಿದಳು. ಹಸಿರು ಅಂಚಿನ ಮೇಲೆ ಬೆರಳು ಸವರಿದಳು. ಚಿತ್ರ ಸರಿದುಹೋಯಿತು, ಮತ್ತೆ ತರಿಸಿಕೊಂಡಳು.

“ಬಾವಿಗೆ ಹೋಗ್ವಾಗ ಕಟ್ಟಿದಂಗೇ ಕಟ್ಕೊಂಡಾನೆ” ಎಂದಳು.

ಫೋನನ್ನು ನನ್ನ ಕೈಗೆ ತುರುಕಿ, ಮಡಿಲಲ್ಲಿದ್ದ ಹೂವು ಚೆಲ್ಲಿದ್ದೂ ಗೊತ್ತಾಗದೆ ಎದ್ದು ಅಂಗಳಕ್ಕೆ ಹೋದಳು. ನಾನು ಬಾಗಿಲಲ್ಲೇ ನಿಂತೆ. ತಮ್ಮ ತಲೆ ಎತ್ತಲಿಲ್ಲ. ಒಳಗೆ ಬಾ, ಪೂಜೆಗೆ ಹೊತ್ತಾಯಿತು ಎಂದು ಅವ್ವ ಕರೆದಳು. ಅವನು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದ, ಆಮೇಲೆ ನನ್ನ ಕೈಯಲ್ಲಿದ್ದ ಫೋನಿನ ಕಡೆ ಒಮ್ಮೆ ನೋಡಿದ.

“ಸಿನಿಮಾ ನೋಡಿ ನಂಬಿದ್ಯೇನವ್ವ?”

“ನೀನು ಬಾಯಿ ಬಿಟ್ಟು ಹೇಳಿದ್ರೆ ಆವತ್ತೇ ನಂಬ್ತಿದ್ನಲ್ಲೋ.”

“ನೀನು ಕೇಳ್ಲೇ ಇಲ್ಲ” ಎಂದ ತಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಅವ್ವನಿಗೆ ಅದು ನಾಟಿತು. ಅತ್ತೆ ಹೇಳಿದ್ದಳು, ಜನ ಏನಂದಾರು ಅಂತ ಭಯವಿತ್ತು, ಹೇಳಬಹುದಾದ ಕಾರಣಗಳು ಎಷ್ಟೋ ಇದ್ದವು. ಅವಳು ಒಂದನ್ನೂ ಹೇಳಲಿಲ್ಲ. ಸಿಪ್ಪೆಯ ರಾಶಿಯ ಪಕ್ಕದಲ್ಲಿ ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಅವನ ಎಡತೋಳಿನ ಮೇಲೆ ಕೈ ಇಟ್ಟಳು.

“ಈಗ ಕೇಳ್ತೀನಿ. ತೆಗೆದಿದ್ಯೇನಪ್ಪ?”

“ಇಲ್ಲವ್ವ” ಎಂದ.