ದಾರಿ ಬಿಡುವ ಜಾಗದಲ್ಲಿ ಎಫಿ

ಎಫಿ ಮ್ಯಾಕ್‌ಫೀ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು, ತನ್ನ ಬಸ್ಸಿನಲ್ಲೇ. ಹಡಗುಕಟ್ಟೆಯಿಂದ ಪಡುವಣ ಊರಿಗೆ ಟಪಾಲು ಚೀಲಗಳನ್ನೂ ಹಡಗಿನಲ್ಲಿ ಬಂದ ಪ್ರವಾಸಿಗಳನ್ನೂ ಒಯ್ಯುವ ಆ ಪುಟ್ಟ ಕೆಂಪು ಬಸ್ಸನ್ನು ಅವಳು ಅರ್ಧ ಆಯುಷ್ಯ ಓಡಿಸಿದ್ದಳು.

ಅವಳ ದ್ವೀಪಕ್ಕೆ ಇರುವುದು ಒಂದೇ ರಸ್ತೆ. ಅದೂ ಒಂದೇ ಗಾಡಿ ಹಿಡಿಸುವಷ್ಟು ಅಗಲ. ಎದುರಾದವರು ಸರಿದು ನಿಲ್ಲಲು ಅಲ್ಲಲ್ಲಿ ಬಿಳಿ ಹಲಗೆ ನೆಟ್ಟ ಜಾಗಗಳಿವೆ. ನೀರುನಾಯಿ ಕಂಡಿತೆಂದು ಅಲ್ಲಿ ಕಾರು ನಿಲ್ಲಿಸಿ ಕೂತ ಪ್ರವಾಸಿಗಳನ್ನು ಎಫಿ ಸುಮ್ಮನೆ ಬಿಟ್ಟವಳಲ್ಲ.

"ಏನಪ್ಪಾ, ನಿಮ್ಮನೆ ಅಂಗಳಾನಾ ಇದು? ನಿಂತ್ಕೊಳ್ಳೋ ಜಾಗ ಅಲ್ಲ, ದಾರಿ ಬಿಡೋ ಜಾಗ!"

ಬೈದ ಮೇಲೆ ನೀರುನಾಯಿ ನಿಜವಾಗಿ ಎಲ್ಲಿ ಸಿಗುತ್ತದೆಂದು ಅವಳೇ ಹೇಳುತ್ತಿದ್ದಳು. ಯಾಕೆ ಬಂದಿರಿ, ಮನೆಯಲ್ಲಿ ಯಾರಿದ್ದಾರೆ, ಆ ಬೂಟಿನಲ್ಲಿ ಗುಡ್ಡ ಹತ್ತುತ್ತೀರಾ, ಎಲ್ಲ ಕೇಳುತ್ತಿದ್ದಳು.

ಎದುರು ಬಂದ ಗಾಡಿಗೆ ನಮಸ್ಕಾರವೆಂಬಂತೆ ಸ್ಟೀರಿಂಗಿನ ಮೇಲಿಂದ ಒಂದು ಬೆರಳೆತ್ತಿ ಮುಂದೆ ಹೋಗುವುದು ಅಲ್ಲಿಯ ರೂಢಿ. ಎಫಿ ಎಲ್ಲರಿಗೂ ಎತ್ತುತ್ತಿದ್ದಳು, ಟಾರ್ಕಿಲ್‌ನನ್ನು ಬಿಟ್ಟು.

ಟಾರ್ಕಿಲ್ ಅವಳ ಜೊತೆ ಶಾಲೆಗೆ ಹೋದವನು, ಜೀವಂತ ಏಡಿಗಳನ್ನು ಲಾರಿಯಲ್ಲಿ ಹಡಗಿಗೆ ಒಯ್ಯುವವನು. ಅವಳು ಬಸ್ಸು ಓಡಿಸತೊಡಗಿದ ಹೊಸತರಲ್ಲಿ ಕೆರೆಯ ತಿರುವಿನಲ್ಲಿ ಇಬ್ಬರೂ ಮುಖಾಮುಖಿಯಾದರು.

"ಹಿಂದಕ್ಕೆ ತಗೊಳ್ಳೇ, ನಂದು ಲಾರಿ."

"ನಂದು ಟಪಾಲು ಕಣೋ. ನೀನೇ ತಗೋ."

ಅವಳು ಎಂಜಿನ್ ಆರಿಸಿ ಹೆಣಿಗೆ ತೆಗೆದಳು. ಅವನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡ. ಹಿಂದಿನಿಂದ ವೈದ್ಯರ ಕಾರು ಬಂದು ಹಾರ್ನ್ ಹೊಡೆಯುವವರೆಗೂ ಕಿಟಕಿಯಿಂದ ಕಿಟಕಿಗೆ ವಾದ ನಡೆಯಿತು. ಆಮೇಲೆ ಎದುರಾದಾಗಲೆಲ್ಲ ಇದೇ. ವಾದ ಬೈಗುಳಕ್ಕೆ, ಬೈಗುಳ ಊರ ಸುದ್ದಿಗೆ ತಿರುಗುತ್ತಿತ್ತು. ಟಾರ್ಕಿಲ್‌ನ ಹೆಂಡತಿ ತೀರಿಕೊಂಡ ವರ್ಷವಿಡೀ ಅವನು ಬಾಯಿಬಿಟ್ಟು ಮಾತಾಡಿದ್ದು ಆ ತಿರುವಿನಲ್ಲಿ ಮಾತ್ರ. ಈ ಜಗಳಕ್ಕೆಂದೇ ಅವನು ಮನೆಯಿಂದ ಬೇಗ ಹೊರಡುತ್ತಿದ್ದ.

ಆ ಮಂಗಳವಾರ ಲಾರಿ ಬೇಗ ಸ್ಟಾರ್ಟ್ ಆಗಲಿಲ್ಲ. ಹಡಗು ತಪ್ಪಿದರೆ ಏಡಿಗಳೆಲ್ಲ ಸಾಯುತ್ತಿದ್ದವು. ತಿರುವಿನಲ್ಲಿ ಕೆಂಪು ಬಸ್ಸು ಕಂಡದ್ದೇ ತಡ, ಅವನು ಕಿಟಕಿ ಇಳಿಸಿ ಬೈಗುಳ ಸಿದ್ಧ ಮಾಡಿಕೊಂಡ. ಆದರೆ ಬಸ್ಸು ತಾನಾಗಿಯೇ ಹಿಂದೆ ಸರಿಯಿತು. ನಿಧಾನವಾಗಿ, ಏರು ಹತ್ತಿ, ಬಿಳಿ ಹಲಗೆಯ ಪಕ್ಕಕ್ಕೆ ಅಚ್ಚುಕಟ್ಟಾಗಿ ಸೇರಿಕೊಂಡಿತು. ಒಂದು ಬದಿ ಕೆರೆ. ಲಾರಿಯ ಚಕ್ರದ ಮೇಲೇ ಕಣ್ಣಿಟ್ಟು ಟಾರ್ಕಿಲ್ ದಾಟಿದ, ಗೆದ್ದವನಂತೆ ಹಾರ್ನ್ ಹೊಡೆದ. ಏಡಿಗಳು ಹಡಗು ಸೇರಿದವು. ಇವಳು ಯಾಕೆ ಸೋತಳು? ಹಡಗುಕಟ್ಟೆಯ ಮೇಲೆ ನಿಂತು ಅವನು ಅದನ್ನೇ ಯೋಚಿಸಿದ. ಮುನಿಸೇ? ಇನ್ನು ಮೇಲೆ ಮಾತೇ ಇಲ್ಲವೇ?

ವಾಪಸು ಬರುವಾಗ ಬಸ್ಸು ಅಲ್ಲೇ ಇತ್ತು. ಹಿಂದೆ ನರ್ಸಿನ ಕಾರು ನಿಂತಿತ್ತು. ಬಸ್ಸಿನಲ್ಲಿದ್ದ ಒಬ್ಬಳೇ ಪ್ರವಾಸಿ, ಡಂಡಿ ಪಟ್ಟಣದಿಂದ ಹಕ್ಕಿ ನೋಡಲು ಬಂದ ಹೇಜಲ್ ಎಂಬ ಹುಡುಗಿ, ರಸ್ತೆ ಬದಿ ಹುಲ್ಲಿನ ಮೇಲೆ ಕೂತಿದ್ದಳು. ನರ್ಸ್ ಅವನನ್ನು ನೋಡಿ ಇಲ್ಲವೆಂಬಂತೆ ತಲೆಯಾಡಿಸಿದಳು.

"ನೀವೇನಾ ಟಾರ್ಕಿಲ್?" ಹೇಜಲ್ ಕೇಳಿದಳು. "ಎಲ್ಲರಿಗೂ ಬೆರಳೆತ್ತುತ್ತೀರಲ್ಲ, ಎತ್ತದೇ ಇರೋರು ಯಾರಾದ್ರೂ ಇದಾರಾ ಅಂತ ಎಫಿ ಅವರನ್ನ ಕೇಳ್ದೆ. ಒಬ್ಬ ಇದಾನೆ, ಟಾರ್ಕಿಲ್ ಅಂತ, ಅಂದ್ರು. ಯಾಕೆ ಅಂತ ಕೇಳಿದ್ರೆ, ಅವನಿಗೆ ಎತ್ತಿದ್ರೆ ಹೊರಟುಹೋಗ್ತಾನೆ ಅಂತ ನಕ್ರು."

ಅವನು ಬಸ್ಸಿನ ಕಿಟಕಿಯತ್ತ ತಿರುಗಿದ. ಹೇಜಲ್ ಮುಂದುವರಿಸಿದಳು.

"ಆಮೇಲೆ ಎದೆ ಹಿಡ್ಕೊಂಡ್ರು. ಇಲ್ಲೇ ನಿಲ್ಲಿಸಿ ಅಂತ ಬೇಡಿಕೊಂಡೆ. ಅಷ್ಟರಲ್ಲಿ ನಿಮ್ಮ ಲಾರಿ ಬಂತು. ದಾರಿ ಮಧ್ಯ ನಾನು ನಿಂತ್ರೆ ಆ ಕತ್ತೆಯ ಏಡಿ ಸಾಯ್ತವೆ ಅಂತ ಗಾಡಿ ಹಿಂದಕ್ಕೆ ತಗೊಂಡ್ರು."

ಆ ಬೆಳಿಗ್ಗೆ ಹೀಗೆ ಇಲ್ಲಿ ಸರಿದು ನಿಂತ ಮೇಲೆ ಎಫಿ ಬ್ರೇಕು ಎಳೆದಳು, ಎಂಜಿನ್ ಆರಿಸಿದಳು. ಲಾರಿ ಪಕ್ಕದಿಂದ ದಾಟುವಾಗ ಸ್ಟೀರಿಂಗಿನ ಮೇಲಿಂದ ಒಂದು ಬೆರಳೆತ್ತಿದಳು.