ಮಕ್ಕಳ ವಾರ್ಡಿನ ಹಠಮಾರಿ ಕತ್ತೆ

ಬೆಳಗಿನ ಆರು ಗಂಟೆ. ಶಿವಮೊಗ್ಗದ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ರಕ್ತ ತೆಗೆಯುವ ಹೊತ್ತು. ಟ್ರೇ ಹಿಡಿದ ನರ್ಸ್ ವೀಣಾ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಒಂದು ಮಗು ಹೊದಿಕೆಯೊಳಗೆ ಮಾಯ, ಇನ್ನೊಂದು ಮಂಚದ ಕೆಳಗೆ. ಮೂರನೆಯದು ಬಸ್‌ಸ್ಟ್ಯಾಂಡಿಗೂ ಕೇಳುವ ಹಾಗೆ ರಾಗ ತೆಗೆದಿದೆ. ನೆಲ ಒರೆಸುತ್ತಿದ್ದ ಕಾಶಮ್ಮ ಕೋಲನ್ನು ಗೋಡೆಗೆ ಒರಗಿಸಿ, ಕೈ ತೊಳೆದು ಬಂದು, ಮಂಚದ ಪಕ್ಕ ನೆಲದ ಮೇಲೇ ಕೂರುತ್ತಾರೆ.

“ಹೊರಗೆ ಬರಬೇಡ ಕಣೋ, ಅಲ್ಲೇ ಇರು. ಕತ್ತೆ ಕಥೆ ಅಲ್ಲಿಗೂ ಕೇಳ್ಸುತ್ತೆ,” ಎನ್ನುತ್ತಾರೆ ಮಂಚದ ಕೆಳಗಿನ ಕತ್ತಲೆಗೆ.

ಅಳು ಅರ್ಧಕ್ಕೇ ನಿಲ್ಲುತ್ತದೆ. ಹೊದಿಕೆ ಚೂರು ಸರಿದು ಒಂದು ಕಣ್ಣು ಕಾಣುತ್ತದೆ. ಕಥೆ ಮುಗಿಯುವಷ್ಟರಲ್ಲಿ ಮಂಚದ ಕೆಳಗಿನಿಂದ ಪುಟ್ಟ ಕೈಯೊಂದು ಈಚೆ ಬರುತ್ತದೆ. ಕೈ ಮಾತ್ರ. ಉಳಿದ ಹುಡುಗ ಒಳಗೇ ಇದ್ದಾನೆ. ವೀಣಾ ನಗು ತಡೆದುಕೊಂಡು ನೆಲದ ಮೇಲೆ ಮಂಡಿಯೂರಿ ತಮ್ಮ ಕೆಲಸ ಮುಗಿಸುತ್ತಾರೆ.

ಕಾಶಮ್ಮ ಈ ವಾರ್ಡಿನ ಆಯಾ. ವಯಸ್ಸು ಐವತ್ತಾರು. ಭದ್ರಾವತಿಯ ಹಳೇನಗರದಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಾರೆ. ನೆಲ ಒರೆಸುವುದು, ಬೆಡ್‌ಶೀಟ್ ಬದಲಿಸುವುದು, ವಾಂತಿ ಬಳಿಯುವುದು ಅವರ ಪಾಲಿನ ಕೆಲಸ. ಸೂಜಿ ಚುಚ್ಚುವಾಗ ಮಕ್ಕಳ ಕೈಕಾಲು ಅಲ್ಲಾಡದಂತೆ ಹಿಡಿದುಕೊಳ್ಳುವುದೂ ಅವರದೇ. ಕಥೆ ಹೇಳಿ ಎಂದು ಅವರಿಗೆ ಯಾರೂ ಹೇಳಿಲ್ಲ. ಬೇಡ ಎನ್ನುವ ಧೈರ್ಯವೂ ಈಗ ಯಾರಿಗೂ ಇಲ್ಲ, ಮಕ್ಕಳು ಬಿಡಬೇಕಲ್ಲ!

ಹಣೆ ತುಂಬ ವಿಭೂತಿ ಧರಿಸುವ ಈ ಹೆಂಗಸಿನ ನಾಲಗೆಯ ಮೇಲೆ ಸೂಫಿ ಫಕೀರರ ಕಥೆಗಳು ಬಂದು ಕುಳಿತದ್ದು ಹೇಗೆ? ಅದಕ್ಕೆ ಪಕ್ಕದ ಮನೆಯ ಖೈರುನ್ನೀಸಾ ಕಾರಣ. ಕಾಶಮ್ಮನ ಅವ್ವ ಕೂಲಿಗೆ ಹೋಗುವಾಗ ಮಗಳನ್ನು ಅವರ ಮಡಿಲಿಗೆ ಹಾಕಿ ಹೋಗುತ್ತಿದ್ದರು. ಕಾಶಮ್ಮನಿಗೆ ಅವರು ಅಂದೂ ಇಂದೂ ಖಾಲಾ, ಅಂದರೆ ಚಿಕ್ಕಮ್ಮ. ರಜಾಯಿ ಹೊಲಿಯುತ್ತಿದ್ದ ಖಾಲಾಗೆ ಈ ಕಥೆಗಳು ಬಂದದ್ದು ದರ್ಗಾದ ಅಂಗಳ ಗುಡಿಸುತ್ತಿದ್ದ ಅಪ್ಪನಿಂದ.

“ನಾನು ಉಣ್ಣಲ್ಲ ಅಂತ ಮೊಂಡು ಹಿಡಿದ್ರೆ ಖಾಲಾ ಬಯ್ತಿರ್ಲಿಲ್ಲ. ಸೂಜಿ ಪಕ್ಕಕ್ಕಿಟ್ಟು ಒಬ್ಬ ಫಕೀರನ್ನ ಕರ್ಕೊಂಡು ಬರೋರು,” ಎಂದು ಕಾಶಮ್ಮ ನಗುತ್ತಾರೆ.

ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೇ ಹಾಕುತ್ತೇನೆಂದು ಹಠ ತೊಟ್ಟ ಸುಲ್ತಾನ, ಮುಚ್ಚಳ ತೆಗೆಯಲು ಒಪ್ಪದೆ ತನಗೆ ನೀರೇ ಸಿಗಲಿಲ್ಲವೆಂದು ಅಳುವ ಕೊಡ, ಹೀಗೆ ಹಠಮಾರಿಗಳ ದೊಡ್ಡ ಸಂಸಾರವೇ ಅವರ ಬಳಿ ಇದೆ. ಆದರೆ ವಾರ್ಡಿನಲ್ಲಿ ಕತ್ತೆಯದೇ ದರ್ಬಾರು. ಫಕೀರ ಬಾಬಾನೊಬ್ಬ ಕತ್ತೆಯ ಮೇಲೆ ಗಂಟು ಹೇರಿಕೊಂಡು ಹೊರಟಿದ್ದಾನೆ. ಕತ್ತೆ ನಡುಬೀದಿಯಲ್ಲಿ ನಿಂತುಬಿಡುತ್ತದೆ. ಹೊಡಿ ಎನ್ನುವವರೊಬ್ಬರು, ಬಾಲ ತಿರುಚು ಎನ್ನುವವರೊಬ್ಬರು. ಬಾಬಾ ಯಾರ ಮಾತಿಗೂ ಕಿವಿಗೊಡದೆ ಗಂಟನ್ನು ಇಳಿಸಿ, ತನ್ನ ತಲೆಯ ಮೇಲಿಟ್ಟುಕೊಂಡು ನಡೆಯುತ್ತಾನೆ. ನನ್ನ ಗಂಟು ಎಲ್ಲಿಗೆ ಹೊರಟಿತು ಎಂದು ಕತ್ತೆಯೂ ಹಿಂದೆ ಹಿಂದೆಯೇ ಬರುತ್ತದೆ. ‘ಇಬ್ಬರಲ್ಲಿ ಕತ್ತೆ ಯಾರು?’ ಎಂದು ಜನ ನಕ್ಕರೆ, ‘ಯಾರಾದರೇನು, ಇಬ್ಬರೂ ಮನೆ ಸೇರಿದೆವಲ್ಲ’ ಎನ್ನುತ್ತಾನೆ ಬಾಬಾ.

ಕತ್ತೆ ಯಾಕೆ ನಿಂತಿತು? “ಕತ್ತೆಗೆ ಬಾಬಾ ಮೇಲೆ ಜಿದ್ದು,” ಎಂದೇ ಕಾಶಮ್ಮ ಮೊದಲಿನಿಂದ ಹೇಳಿಕೊಂಡು ಬಂದಿದ್ದರು. ಯಾವ ಮಗುವೂ ತಕರಾರು ತೆಗೆದಿರಲಿಲ್ಲ. ಹೋದ ವರ್ಷ ಅಮೂಲ್ಯಾ ಬರುವ ತನಕ.

ಶಂಕರಘಟ್ಟದ ಏಳು ವರ್ಷದ ಹುಡುಗಿ. ಆ ವಯಸ್ಸಿಗೇ ಸಕ್ಕರೆ ಕಾಯಿಲೆ. ದಿನಕ್ಕೆ ಮೂರು ನಾಲ್ಕು ಸಲ ಇನ್ಸುಲಿನ್ ಚುಚ್ಚಲೇಬೇಕು, ಅದೂ ಬದುಕಿರುವಷ್ಟು ಕಾಲ. ತಪ್ಪಿದರೆ ಜೀವಕ್ಕೇ ಅಪಾಯ. ಹುಡುಗಿಯೋ ಯಾರಿಗೂ ಬಗ್ಗಳು. ಪ್ರತಿ ಸಲವೂ ನಾಲ್ಕು ಜನ ಅದುಮಿ ಹಿಡಿಯಬೇಕು. ಮನೆಗೆ ಕಳಿಸಿದರೆ ಒಬ್ಬಳೇ ತಾಯಿ ಏನು ಮಾಡಿಯಾಳು? ಹಾಗಾಗಿ ಕಳಿಸುವಂತೆಯೂ ಇಲ್ಲ. ಒಂದು ಬೆಳಿಗ್ಗೆ ಅವಳು ಕಾಶಮ್ಮನ ಮುಂಗೈ ಕಚ್ಚಿ, ಮೊಣಕಾಲು ತಬ್ಬಿ, ಮುದುರಿ ಕುಳಿತಳು. ಕಾಶಮ್ಮ ಕತ್ತೆಯನ್ನು ಕರೆತಂದರು.

ಅಮೂಲ್ಯಾ ನಗಲಿಲ್ಲ. “ಬಾಬಾ ಕತ್ತೆಗೆ ಏನ್ ಮಾಡಿದ್ದ?” ಎಂದು ಕೇಳಿದಳು.

“ಏನೂ ಮಾಡಿರ್ಲಿಲ್ಲ ಪುಟ್ಟಿ.”

“ಮತ್ತೆ ಜಿದ್ದು ಯಾಕೆ? ಸುಮ್ಸುಮ್ನೆ ಯಾರಾದ್ರೂ ಜಿದ್ದು ಸಾಧಿಸ್ತಾರಾ?” ಹುಡುಗಿಯೇ ಮುಂದುವರಿಸಿದಳು: “ನಂಗೂ ಜಿದ್ದು. ನಿಮ್ಮೆಲ್ಲರ ಮೇಲೂ. ಹಿಡ್ಕೊಂಡ್ರಲ್ಲ ನನ್ನ.”

ಕಾಶಮ್ಮ ವೀಣಾರತ್ತ ತಿರುಗಿದರು. “ಸಿಸ್ಟರ್, ಇವತ್ತು ಯಾರೂ ಹಿಡಿಯೋದು ಬೇಡ,” ಎಂದರು.

“ಕಾಶಕ್ಕ, ತಿಂಡಿ ಹೊತ್ತಾಯ್ತು. ತಡ ಮಾಡೋಕಾಗಲ್ಲ,” ಎಂದರು ವೀಣಾ.

“ಗೊತ್ತು. ಐದೇ ನಿಮಿಷ.”

ಎಲ್ಲರೂ ಹಿಂದೆ ಸರಿದರು, ತಾಯಿಯೂ. ಕಾಶಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಅಮೂಲ್ಯಾ ಒಬ್ಬೊಬ್ಬರ ಕೈಯನ್ನೂ ಅನುಮಾನದಿಂದ ನೋಡಿದಳು. ಆಮೇಲೆ ತಾನಾಗಿಯೇ ಅಂಗಿಯ ತೋಳು ಸರಿಸಿ, “ನಾನು ಮೂರು ಅಂದ್ಮೇಲೆ ಚುಚ್ಚಿ,” ಎಂದಳು. ಒಂದು, ಎರಡು ಎನ್ನುವಳು, ಮೂರು ಬಾಯಿಗೆ ಬರದು. ಮತ್ತೆ ಒಂದರಿಂದ. ವೀಣಾ ಸಿರಿಂಜ್ ಹಿಡಿದು ಕಾದರು. ಆ ಕಾಯುವಿಕೆಗೂ ಒಂದು ನಮಸ್ಕಾರ ಸಲ್ಲಬೇಕು. ಕೊನೆಗೊಮ್ಮೆ ಕಣ್ಣು ಮುಚ್ಚಿ ಹುಡುಗಿ ‘ಮೂರು’ ಎಂದಳು. ಮೂಲೆಯಲ್ಲಿ ಅವಳ ತಾಯಿ ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಆ ಸಂಜೆ ಕಾಶಮ್ಮ ಇದನ್ನೆಲ್ಲ ಹೇಳಿದಾಗ ಎಂಬತ್ತು ದಾಟಿದ ಖಾಲಾ ಬೊಚ್ಚುಬಾಯಿ ತೆರೆದು ನಕ್ಕರಂತೆ. “ಅರೇ ಕಾಶೀ, ನಾನು ಹೇಳಿದ್ದು ಜಿದ್! ನಮ್ ಮಾತಲ್ಲಿ ಜಿದ್ ಅಂದ್ರೆ ಹಠ. ಪಾಪ, ಆ ಕತ್ತೆಗೆ ಬಾಬಾ ಮೇಲೆ ದುಶ್ಮನಿ ಯಾಕೆ?” ಖಾಲಾರ ಹಠವನ್ನು ಕಾಶಮ್ಮನ ಕನ್ನಡದ ಕಿವಿ ಇಷ್ಟು ಕಾಲ ಹಗೆ ಎಂದು ಕೇಳಿಸಿಕೊಂಡಿತ್ತು. ಇನ್ನು ಮೇಲೆ ತಿದ್ದಿ ಹೇಳಲಾ ಎಂದು ಕೇಳಿದರೆ ಖಾಲಾ ಕೈ ಅಡ್ಡ ಆಡಿಸಿದರು. “ಬೇಡ. ಆ ಹುಡ್ಗಿಗೆ ಅರ್ಥ ಆಗಿದ್ದೇ ಸಹಿ, ಅದೇ ಸರಿ. ಹಂಗೇ ಹೇಳು.”

ಈಗ ಈ ವಾರ್ಡಿನಲ್ಲಿ ಮಾತು ತಿಳಿಯುವ ಯಾವ ಮಗುವನ್ನೂ ಮೊದಲಿಗೇ ಹಿಡಿದುಕೊಳ್ಳುವುದಿಲ್ಲ. ಮೊದಲು ಕತ್ತೆ, ಆಮೇಲೆ ಸೂಜಿ. ಎಲ್ಲ ಸಲವೂ ಗೆಲ್ಲುತ್ತದೆಂದೇನಿಲ್ಲ. “ಕೆಲವು ಕತ್ತೆ ಬಾಬಾನಿಗೂ ಜಗ್ಗಲ್ಲ,” ಎಂದು ಕಾಶಮ್ಮನೇ ಒಪ್ಪುತ್ತಾರೆ.

ಅಮೂಲ್ಯಾ ಈಗ ಮೂರನೇ ಕ್ಲಾಸು. ತಾಯಿ ಪಕ್ಕದಲ್ಲಿದ್ದರೆ ಸಾಕು, ಇನ್ಸುಲಿನ್ ತಾನೇ ಚುಚ್ಚಿಕೊಳ್ಳುತ್ತಾಳೆ. ಬೇರೆಯವರು ಸಿರಿಂಜ್ ಮುಟ್ಟಿದರೆ ಮನೆಯಲ್ಲಿ ರಂಪವಂತೆ. ಇದನ್ನು ಹೇಳುವಾಗ ಕಾಶಮ್ಮನ ಮುಖ ನೋಡಬೇಕು, ಹೆತ್ತ ಮಗಳು ರ‍್ಯಾಂಕ್ ಬಂದಂತೆ ಅರಳುತ್ತದೆ.

“ಅಂಥ ಹುಡ್ಗಿ ಹಠ ಬಿಡಿಸಿದ್ರಲ್ಲ ಕಾಶಕ್ಕ ಅಂತಾರೆ ಎಲ್ರೂ. ಎಲ್ಲಿ ಬಿಡಿಸ್ದೆ ಮಾರಾಯ್ರೇ? ಬದುಕಿರೋ ತನಕ ದಿನಾ ಚುಚ್ಕೋಬೇಕು ಆ ಕೂಸು. ಅಷ್ಟೂ ಹಠ ಅದಕ್ಕೇ ಬೇಕಾಗ್ತದೆ ಅಂತ, ಒಂಚೂರೂ ಮುಟ್ಟದೆ ಹಂಗೇ ಮನೆಗೆ ಕಳ್ಸಿದೀನಿ.”